ಕಾಮಕಸ್ತೂರಿ ಬೀಜದ ಶರಬತ್ತು

ನಾನು ಕಲಿತ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ಚಾಪೆಲ್ಲಿನ ದಾರಿಗುಂಟ ನೇರಳೆ ಎಲೆಯ ಕಾಮಕಸ್ತೂರಿಯ ಬಾರ್ಡರ್ ಬೆಳೆಸಿದ್ದರು. ಸ್ಕರ್ಟ್ ತಾಗಿದರೆ ಸಾಕು, ಗಮ್ಮೆನ್ನುತ್ತಿತ್ತು. ಅರವತ್ತು ದಾಟಿದ ಮೇಲೆ, ಮೊಬೈಲು ಆಗಷ್ಟೇ ಮನೆಮನೆಗೆ ಬರುತ್ತಿದ್ದಾಗ, ರಾಣೆಬೆನ್ನೂರಿನ ನಮ್ಮ ಟೆರೇಸಿನ ಪಾಟುಗಳಲ್ಲಿ ಅದನ್ನೇ ಬೆಳೆಸುವ ಆಸೆಯಾಯಿತು.

ಬೀಜದಂಗಡಿಯಲ್ಲಿ ಸಿಕ್ಕಿದ್ದು ಹುಳ ಹತ್ತದಂತೆ ಔಷಧಿ ಹಚ್ಚಿದ ಬೀಜ, ಕಡುಗುಲಾಬಿ ಬಣ್ಣ. ಅರ್ಧವನ್ನು ಟ್ರೇಯಲ್ಲಿ ಸೋಸಿದ ಮಣ್ಣಿನ ಮೇಲೆ ಉದುರಿಸಿ, ಮುಚ್ಚದೆ (ಅದಕ್ಕೆ ಲೈಟ್ ಬೇಕು) ನೀರು ಚಿಮುಕಿಸಿದೆ. ಉಳಿದದ್ದು ಕಿಟಕಿಯಲ್ಲಿತ್ತು. ಮೊಳಕೆ ಕಂಡ ದಿನ ಎರಡನೆಯ ಟ್ರೇ ತುಂಬಲು ಹೋದರೆ ಪ್ಯಾಕೆಟ್ ಖಾಲಿ.

"ಅತ್ತೀ, ಇದರಾಗಿನ ಬೀಜ ಎಲ್ಲಿ?"

ಎರಡೂ ಕಣ್ಣಿಗೆ ಪೊರೆ ಬಂದಿದ್ದ ಅತ್ತೆ ಎಲೆಗೆ ಸುಣ್ಣ ಸವರುತ್ತಿದ್ದರು. "ಸಬ್ಜಾ ಏನವಾ? ನಿನ್ನ ಗಂಡಗ ಶರಬತ್ತಿನ್ಯಾಗ ನೆನಿ ಹಾಕಿ ಬಾಟ್ಲಿ ತುಂಬಿ ಕಳಿಸೇನಿ. ಬ್ಯಾಡಗಿ ಬಿಸಲು ಸುಮ್ನ ಐತೇನ? ಕಿಟಿಕ್ಯಾಗ ಇಟ್ಟು ಹುಳಾ ಹಿಡಸ್ತಿ, ಇಂಗ್ಲಿಷ್ ಸಾಲಿ ಕಲತಾಕಿ!"

ರೋಸ್ ಸಿರಪ್ಪಿನ ಶರಬತ್ತಿನಲ್ಲಿ ಔಷಧಿಯ ಆ ಗುಲಾಬಿ ಬಣ್ಣ ಯಾರಿಗೆ ಕಂಡೀತು?

ನನ್ನವರು ಮೆಣಸಿನಕಾಯಿ ವ್ಯಾಪಾರಿ. ಅಂದು ಬ್ಯಾಡಗಿ ಮಾರ್ಕೆಟ್. ಫೋನ್ ಹಚ್ಚಿದೆ. ರಿಂಗ್ ಕೇಳಿದ್ದು ನಮ್ಮದೇ ಬೆಡ್‌ರೂಮಿನಿಂದ. ಪ್ಯಾಕೆಟ್ ಹಿಡಿದೇ ಬಸ್ ಹತ್ತಿದೆ. ದಾರಿಯುದ್ದಕ್ಕೂ ಅದರ ಹಿಂದಿನ ಸಣ್ಣ ಅಕ್ಷರ ಓದುತ್ತಿದ್ದೆ: ವಿಷ, ತಿನ್ನಬಾರದು. ಮೋಟೆಬೆನ್ನೂರಿನಲ್ಲಿ ಬಸ್ ತಿರುಗಿದಾಗ ಮೆಣಸಿನಕಾಯಿಯ ಘಾಟು ಗಂಟಲಿಗೆ ಬಡಿಯಿತು.

ಅವರು ಚೀಲದ ಮೇಲೆ ಆರಾಮಾಗಿ ಕೂತಿದ್ದರು.

"ಶರಬತ್ತು ಕುಡದ್ರೇನು?"

"ನಂಗ ಶುಗರ್ ಅಲ್ಲೇನ? ಬ್ಯಾಡಂದ್ರ ಅವ್ವಗ ಸಿಟ್ಟು. ತೊಟ್ಟು ಬಿಡಿಸೋ ಒಬ್ಬಾಕಿ ಕೆಮ್ಮಾಕತ್ತಿದ್ಲು, ಅಕಿಗೆ ಕೊಟ್ಟೆ."

"ಯಾವಾಕಿ?"

ಶೆಡ್ಡಿನ ತುಂಬ ಕೆಂಪು ರಾಶಿಗಳು, ಸುತ್ತಲೂ ಹೆಂಗಸರು. ಘಾಟಿಗೆ ಎಲ್ಲರೂ ಸೆರಗಿನಿಂದ ಮುಖ ಸುತ್ತಿಕೊಂಡಿದ್ದರು, ಕಣ್ಣಷ್ಟೇ ಕಾಣುತ್ತಿದ್ದವು. ನನ್ನವರು ಆ ಕಣ್ಣುಗಳನ್ನು ನೋಡುತ್ತ ರಾಶಿಯಿಂದ ರಾಶಿಗೆ ಹೋದರು, ಗುರುತು ಹತ್ತಲಿಲ್ಲ.

"ಶರಬತ್ತಿನ ಬಾಟ್ಲಿ ಯಾರ ಹತ್ರ ಐತಿ?" ನಾನು ಕೂಗಿದೆ.

"ಅಕ್ಕಾರಿಗೆ ನೀರಡಿಕಿ ಆಗೇತ್ರೆವಾ!" ಯಾರೋ ನಕ್ಕರು. ಮೂಲೆಯ ಮುದುಕಿಯೊಬ್ಬಳು ಬಾಟ್ಲಿ ಎತ್ತಿ ಕೊಟ್ಟಳು. ಖಾಲಿ. ತಳದಲ್ಲಿ ಉಬ್ಬಿದ ನಾಲ್ಕಾರು ಬೀಜ ಅಂಟಿದ್ದವು.

"ಕುಡದಾಕಿ ಎಲ್ಲಿ?"

"ಹೊಟ್ಟಿ ತೊಳಸಾಕತ್ತೈತಿ ಅಂತ ಎದ್ದು ಹ್ವಾದ್ಲರಿ. ಇವತ್ತ ಹೊಸದಾಗಿ ಬಂದಾಕಿ, ಯಾ ಊರೋ ಏನೋ. ಬಾಟ್ಲಿ ಛಲೋ ಐತಿ, ಒಯ್ರಿ."

ಬಸ್‌ಸ್ಟ್ಯಾಂಡ್, ದವಾಖಾನೆ, ಟೆಂಪೋ ನಿಲ್ಲುವ ಜಾಗ ಎಲ್ಲ ಕಡೆ ಕೇಳಿದೆವು. ಮುಂದಿನ ಮಾರ್ಕೆಟ್ಟುಗಳಿಗೂ ಹೋದೆವು. ಅವಳ ಮುಖ ನಮಗೆ ಗೊತ್ತಿರಲಿಲ್ಲ, ಹೆಸರೂ ಇಲ್ಲ. ಅವಳು ಬದುಕಿದಳೋ ಇಲ್ಲವೋ, ಇವತ್ತಿಗೂ ಗೊತ್ತಿಲ್ಲ.

ಅತ್ತೆಗೆ ಇಬ್ಬರೂ ಹೇಳಲಿಲ್ಲ.

ಸಸಿಗಳು ಪಾಟಿಗೆ ಬಂದವು. ಎಂಥ ಪರ್ಪಲ್, ಥೇಟ್ ಚಾಪೆಲ್ ದಾರಿಯದೇ! ತೆನೆ ಕಂಡಲ್ಲೆಲ್ಲ, ಬೀಜ ಕಟ್ಟುವ ಮೊದಲೇ, ಕತ್ತರಿಸುತ್ತಿದ್ದೆ. ಒಂದು ಸಂಜೆ ಅತ್ತೆ ಗೋಡೆ ಹಿಡಿದು ಟೆರೇಸಿಗೆ ಬಂದರು. ತಡಕಾಡಿ, ನನ್ನ ಕಣ್ಣು ತಪ್ಪಿಸಿ ಉಳಿದಿದ್ದ ತೆನೆಯೊಂದನ್ನು ಅಂಗೈಯಲ್ಲಿ ತಿಕ್ಕಿದರು.

"ಬಲತಾವ ನೋಡು," ಅಂದರು, ಸೆರಗಿನ ತುದಿಗೆ ಕಟ್ಟಿಕೊಳ್ಳುತ್ತ. "ಬರೋ ಬ್ಯಾಸಗಿ ಶರಬತ್ತಿಗಾದ್ವು."