ಬಿಸಿಲಿಗಿಟ್ಟ ದಿಂಬು

ಹೊಸಪೇಟೆಯ ನಮ್ಮ ಓಣಿಯಲ್ಲಿ ಯಾರಿಗೆ ಬ್ಲೌಸ್ ಹೊಲಿಸಬೇಕಿದ್ದರೂ ಪಂಪಾವತಿಯ ಮನೆಗೇ ಹೋಗುತ್ತಾರೆ. ಅಳತೆ ಒಮ್ಮೆ ಕೊಟ್ಟರೆ ಸಾಕು, ಮತ್ತೆ ಬಿಚ್ಚಿಸುವ ತಂಟೆಯಿಲ್ಲ. ಬಾಯಿ ಮಾತ್ರ ಜೋರು. ಯಾಕೆ ತಡವಾಯಿತೆಂದು ಕೇಳಲು ಹೋದವರನ್ನೇ ದಬಾಯಿಸಿ ಕಳಿಸುತ್ತಾಳೆ. ಅಂಥವಳು ಕಳೆದ ಬೇಸಿಗೆಯಲ್ಲಿ ಸುಮ್ಮನಾಗಿಬಿಟ್ಟಿದ್ದಳು.

ಮೊದಲು ಶುರುವಾದದ್ದು ಕುತ್ತಿಗೆ ನೋವು. ವರ್ಷಗಟ್ಟಲೆ ಮೆಷಿನ್ ಮುಂದೆ ಕುಳಿತವಳು. ಗದ್ದ ಎದೆಗೆ ತಾಗುವಷ್ಟು ಬಗ್ಗಿದರೇ ಹೊಲಿಗೆ ನೇರ ಬರುತ್ತದೆಂದು ನಂಬಿದವಳು. ಮದುವೆ ಸೀಜನ್ ಮುಗಿಯುವ ಹೊತ್ತಿಗೆ ನೋವು ಬಲಗೈಗೆ ಇಳಿಯಿತು. ಬೆರಳು ಜೋಮು ಹಿಡಿದು ಕತ್ತರಿ ಜಾರತೊಡಗಿತು. ಕತ್ತರಿ ಹಿಡಿಯಲಾಗದಿದ್ದರೆ ಕಸುಬೇ ಮುಗಿದಂತೆ. ಅವಳಿಗೆ ನಿಜವಾಗಿ ಹೆದರಿಕೆಯಾಗಿತ್ತು.

ಅವಳ ಅತ್ತೆ ದುರ್ಗಕ್ಕ ಬುಕ್ಕಸಾಗರದವರು. ಕುತ್ತಿಗೆ ಹಿಡಿದರೆ ನಮ್ಮಲ್ಲಿ ಮೊದಲ ಮದ್ದು ಎಲ್ಲರಿಗೂ ಗೊತ್ತು: ಮಲಗಿದ ದಿಂಬನ್ನು ಬಿಸಿಲಿಗೆ ಹಾಕುವುದು. ದುರ್ಗಕ್ಕ ಅದನ್ನು ವ್ರತದಂತೆ ಹಿಡಿದರು. ಬೆಳಗಾದರೆ ಸೊಸೆಯ ದಿಂಬು ಮಾಳಿಗೆಯ ಮೇಲೆ. ಮಧ್ಯಾಹ್ನ ಹತ್ತಿ ಹೋಗಿ ಮಗುಚುವುದು, ಸಂಜೆ ಕೋಲಿನಿಂದ ಬಡಿದು ಕೆಳಗೆ ತರುವುದು. ಹೊಸಪೇಟೆಯ ಬಿಸಿಲಿಗೇನು ಬರವೇ! ಆದರೂ ನೋವು ಹೆಚ್ಚುತ್ತಲೇ ಹೋಯಿತು.

"ಇಂಥಾ ಬಿಸಿಲಿಗೂ ಜಗ್ಗವಲ್ದು ಅಂದ್ರ ಇದು ಉಳುಕಲ್ಲ, ಯಾರದೋ ಕಣ್ಣು ಬಿದ್ದೈತಿ," ಎಂದು ದುರ್ಗಕ್ಕ ನನ್ನನ್ನೇ ದಿಟ್ಟಿಸಿದರು. ಅವತ್ತೇ ನಾನು ಬಟ್ಟೆ ಕೊಡಲು ಹೋಗಬೇಕಿತ್ತೇ!

ಕೊನೆಗೆ ಡಾಕ್ಟರು ಎಕ್ಸ್‌ರೇ ನೋಡಿ, ಫಿಜಿಯೋಥೆರಪಿ ಮಾಡುವ ಲಿಂಗರಾಜ್ ಹತ್ತಿರ ಕಳಿಸಿದರು. ಅತ್ತೆಯೂ ಜೊತೆಗೆ ಹೋದರು. ಹೇಗೆ ಕೂಡುತ್ತೀರಿ, ಹೇಗೆ ಮಲಗುತ್ತೀರಿ ಎಂದು ಆತ ಕೇಳಿದ. ಪಂಪಾವತಿ ಬಾಯಿ ತೆರೆಯುವ ಮೊದಲೇ ದುರ್ಗಕ್ಕ ಹೆಮ್ಮೆಯಿಂದ ಹೇಳಿದರು: "ದಿಂಬಿಂದು ಚಿಂತಿ ಬ್ಯಾಡ್ರಿ. ದಿನಾ ಬಿಸಿಲಿಗೆ ಹಾಕಿ ಬಡಿತೀನ್ರಿ. ಹತ್ತಿ ಉಬ್ಬಿ ಇಷ್ಟೆತ್ತರ ಆಗೈತಿ ನೋಡ್ರಿ!" ಕೈಯಲ್ಲಿ ಎತ್ತರವನ್ನೂ ತೋರಿಸಿದರು.

ಲಿಂಗರಾಜ್ ನಗಲಿಲ್ಲ. "ಅಮ್ಮಾ, ಬಿಸಿಲಿಗೆ ಹಾಕೋದು ಒಳ್ಳೇದ್ರಿ. ಆದ್ರ ಅಷ್ಟೆತ್ತರ ಆದ್ರ ಕುತ್ತಿಗಿ ರಾತ್ರಿಯೆಲ್ಲಾ ಬಗ್ಗೇ ಇರತೈತಿ. ಹಗಲು ಮೆಷಿನ್ ಮ್ಯಾಲೆ ಬಗ್ಗೋದು, ರಾತ್ರಿ ದಿಂಬಿನ ಮ್ಯಾಲೆ ಬಗ್ಗೋದು. ನರಕ್ಕ ಬಿಡುವು ಎಲ್ಲೈತ್ರಿ?"

ಅಂಗಾತ ಮಲಗಿದರೆ ತೆಳು ದಿಂಬು, ಮಗ್ಗುಲಾದರೆ ಕುತ್ತಿಗೆ ವಾಲದಂತೆ ಭುಜಕ್ಕೂ ಕಿವಿಗೂ ನಡುವಿನ ಸಂದು ತುಂಬುವಷ್ಟು ಮಾತ್ರ, ಬೋರಲು ಮಲಗುವುದೇ ಬೇಡ ಎಂದ. ಹಗಲಲ್ಲಿ ಕಿವಿ ಭುಜದ ನೇರಕ್ಕೆ ಇರಲಿ, ಆಗಾಗ ಎದ್ದು ಓಡಾಡಲಿ, ಮೆಷಿನ್ ಸ್ವಲ್ಪ ಎತ್ತರಿಸಿ ಎಂದೂ ಹೇಳಿದ.

ಮನೆಗೆ ಬಂದವರೇ ದುರ್ಗಕ್ಕ ದಿಂಬಿನ ಹೊಲಿಗೆ ಬಿಚ್ಚಿ ಅರ್ಧಕ್ಕಿಂತ ಹೆಚ್ಚು ಹತ್ತಿ ಹೊರತೆಗೆದರು. ಮೆಷಿನ್ನಿನ ಕಾಲಡಿಗೆ ಹಲಗೆ ತುಂಡು ಇಡಿಸಿದರು. ಆಮೇಲೆ ಎದುರಿಗೇ ಕುರ್ಚಿ ಹಾಕಿಕೊಂಡು ಕಾವಲು ಕುಳಿತರು. ಸೊಸೆಯ ಗದ್ದ ಇಳಿಯಿತೋ, "ತಲಿ ಎತ್ತ ಪಂಪೀ!" ಎಂಬ ಕೂಗು ಓಣಿಯ ತುದಿಗೂ ಕೇಳಿಸುತ್ತಿತ್ತು. ತಲೆ ತಗ್ಗಿಸಲಿಲ್ಲವೆಂದು ಸೊಸೆಯನ್ನು ಬೈಯುವ ಅತ್ತೆಯರನ್ನು ನಾವು ಕಂಡಿದ್ದೆವು. ತಗ್ಗಿಸಿದ್ದಕ್ಕೆ ಬೈಸಿಕೊಂಡವಳು ಇವಳೊಬ್ಬಳೇ.

ಜೋಮು ಅಷ್ಟು ಸುಲಭಕ್ಕೆ ಬಿಡಲಿಲ್ಲ. ದಿನವೂ ವ್ಯಾಯಾಮ, ಬಿಸಿ ಕಾವು, ಮಧ್ಯೆ ಮಧ್ಯೆ ಅಳು. ಶ್ರಾವಣದ ಹೊತ್ತಿಗೆ ಬೆರಳಿಗೆ ಬಟ್ಟೆಯ ನುಣುಪು ಗೊತ್ತಾಗತೊಡಗಿತು. ಒಂದು ಬೆಳಿಗ್ಗೆ ರೇಷ್ಮೆ ಬಟ್ಟೆಯೊಂದನ್ನು ಎಲ್ಲೂ ತಡೆಯದೆ ಕತ್ತರಿಸಿ ಮುಗಿಸಿದಳು. ನಾನು ಅಲ್ಲೇ ಇದ್ದೆ. ನೋಡಿದರೆ ದುರ್ಗಕ್ಕ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಾರೆ.

"ನಿನ್ನ ನೋವು ಹೆಚ್ಚು ಮಾಡಿದ್ದು ನಾನ ನೋಡು. ನನ್ನ ಮ್ಯಾಲೆ ಸಿಟ್ಟು ಬರಲಿಲ್ಲೇನ?"

ಪಂಪಾವತಿ ಕತ್ತರಿ ಕೆಳಗಿಟ್ಟಳು.

"ದಿಂಬು ಎತ್ತರ ಆಗೈತಿ ಅಂತ ನನಗ ಮೊದಲ ಗೊತ್ತಾಗಿತ್ತು ಅತ್ತಿ. ನಾ ಸಣ್ಣಾಕಿದ್ದಾಗ ಅವ್ವ ಹೋದ್ಲು. ಆವಾಗಿಂದ ನನಗ ಎಲ್ಲಿ ನೋಯ್ತೈತಿ ಅಂತ ಕೇಳಿದವ್ರು ನೀವೊಬ್ಬರ. ಮೊಣಕಾಲು ಹಿಡ್ಕೊಂಡು ಮಾಳಿಗಿ ಹತ್ತಿ ಇಳಿದು, ಬಿಸಿಬಿಸಿ ದಿಂಬು ತಂದು ಕೈಯಾಗ ಕೊಡ್ತಿದ್ರಿ. ಒಲ್ಲೆ ಅನ್ನಾಕ ನನಗ ಬಾಯಿ ಬರಲಿಲ್ಲ."