ಹೇಮಾವತಿ ಕಟ್ಟಿದ ಪದಗಳ ತಾಣ

ಕೊಪ್ಪಳ ಸೀಮೆಯ ತಳಕಲ್ ಊರಿನ ಹೇಮಾವತಿಗೆ ಚಿಕ್ಕಂದಿನಲ್ಲಿ ನಿದ್ದೆ ಎಲ್ಲಿ ಮುಗಿಯುತ್ತದೆ, ಹಾಡು ಎಲ್ಲಿ ಶುರುವಾಗುತ್ತದೆ ಎಂಬುದು ಗೊತ್ತಾಗುತ್ತಿರಲಿಲ್ಲ. ನಸುಕಿನಲ್ಲಿ ಅವ್ವ ಹುಲಿಗವ್ವ ಮತ್ತು ಪಕ್ಕದ ಮನೆಯ ಪಕ್ಕೀರವ್ವ ಎದುರುಬದುರು ಕೂತು, ಒಂದೇ ಬೀಸುಕಲ್ಲಿನ ಗೂಟ ಹಿಡಿದು ಜೋಳ ಬೀಸುತ್ತಿದ್ದರು. ಹಾಡಿನ ಒಂದು ಸಾಲು ಇವಳದು, ಮುಂದಿನದು ಅವಳದು. ಅವ್ವನ ತೊಡೆಗೆ ತಲೆಯಿಟ್ಟು ಮಲಗಿದ ಹುಡುಗಿಗೆ ಕಲ್ಲಿನ ಸದ್ದು ದೂರದ ಗುಡುಗಿನಂತೆ ಕೇಳುತ್ತಿತ್ತು. ಹಾರಿದ ಹಿಟ್ಟು ರೆಪ್ಪೆಯ ಮೇಲೆ ಕೂರುತ್ತಿತ್ತು. ಎದ್ದ ಮೇಲೆ ಕೇಳಿದ್ದು ಯಾವುದು, ಕನಸು ಯಾವುದು ಎಂದು ತಿಳಿಯುತ್ತಿರಲಿಲ್ಲ.

ಊರಿಗೆ ಹಿಟ್ಟಿನ ಗಿರಣಿ ಬಂತು. ಪಕ್ಕೀರವ್ವ ಕುಷ್ಟಗಿ ಕಡೆಯ ಹಳ್ಳಿಯಲ್ಲಿದ್ದ ಮಗಳ ಮನೆ ಸೇರಿದಳು. ಹೇಮಾವತಿ ಕೊಪ್ಪಳದಲ್ಲಿ ಡಿಪ್ಲೊಮಾ ಓದಿ, ಭಾಗ್ಯನಗರದ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಜಾವಾ ಎಂಬ ಕಂಪ್ಯೂಟರ್ ಭಾಷೆ ಕಲಿಸತೊಡಗಿದಳು. ಮಧ್ಯಾಹ್ನ ತರಗತಿ ಖಾಲಿಯಾದಾಗ ಹಿಂದಿನ ಓಣಿಯ ಮಗ್ಗಗಳ ಸದ್ದು ಕಿಟಕಿಯಿಂದ ತೇಲಿ ಬರುತ್ತಿತ್ತು. ಹಾಗೆ ಕೇಳುತ್ತ ಕೂತಿದ್ದಾಗಲೇ ಅವಳಿಗೆ ಆ ಆಸೆ ಹುಟ್ಟಿದ್ದು. ಬೀಸುವಾಗ ಹಾಡುವ ಪದಗಳನ್ನೆಲ್ಲ ಒಂದು ಜಾಲತಾಣದಲ್ಲಿ ಇಡಬೇಕು. ಊರಿನ ಹೆಸರು ಒತ್ತಿದರೆ ಆ ಊರಿನ ಹೆಂಗಸರ ದನಿ ಕೇಳಬೇಕು.

ಅಲ್ಲಿಂದ ಅವಳ ಭಾನುವಾರಗಳು ಬಸ್ಸಿನಲ್ಲೇ ಕಳೆದವು. ಯಲಬುರ್ಗಾ, ಕುಷ್ಟಗಿ, ಗಂಗಾವತಿಯ ಹಳ್ಳಿಗಳಲ್ಲಿ ಮುದುಕಿಯರ ಮುಂದೆ ಮೊಬೈಲ್ ಹಿಡಿದು ಕೂತಳು. ಪಕ್ಕೀರವ್ವನೂ ಹಾಡಿದಳು. ಹುಲಿಗವ್ವನನ್ನು ಮಾತ್ರ ಕೇಳುವಂತಿರಲಿಲ್ಲ. ಹಿಂದಿನ ಬೇಸಿಗೆಯಲ್ಲಿ ಲಕ್ವಾ ಹೊಡೆದು ಅವಳ ನಾಲಿಗೆ ತೊದಲುತ್ತಿತ್ತು. ಮಾತೇ ಕಡಿಮೆಯಾಗಿತ್ತು, ಹಾಡಂತೂ ನಿಂತೇ ಹೋಗಿತ್ತು.

ಜಾವಾದಲ್ಲಿ ಬರೆಯುತ್ತಿದ್ದ ತಾಣ ಸಿದ್ಧವಾಗುವ ಹೊತ್ತಿಗೆ ಹೇಮಾವತಿಯ ಹಳೆಯ ಕಂಪ್ಯೂಟರ್ ಕೆಟ್ಟಿತು. ಹೊಸದು ಬಂತು, ಅದರಲ್ಲಿ ಜಾವಾದ ಹೊಸ ಆವೃತ್ತಿ. ಕೋಡ್ ಮೊದಲಿನದೇ. ಆದರೆ ಎಲ್ಲವನ್ನೂ ಒಂದು ಗಂಟು ಕಟ್ಟಿ ಸರ್ವರಿಗೆ ಹಾಕಲು ಅಣಿ ಮಾಡುವ ಮೇವನ್ ಎಂಬ ಸಾಧನ, ಗಂಟು ಕಟ್ಟುವಲ್ಲಿಗೆ ಬಂದು ನಿಂತುಬಿಡುತ್ತಿತ್ತು. ಪರದೆಯ ತುಂಬ ತಪ್ಪು ತೋರಿಸುವ ಕೆಂಪು ಸಾಲುಗಳು.

"ಕೋಡ್ ತಪ್ಪೈತೇನು ಹೇಮಕ್ಕಾ?" ಎಂದು ಅದೇ ಕೇಂದ್ರದಲ್ಲಿ ಕಲಿಸುವ ಗೆಳತಿ ಕಾಸೀಮಬೀ ಚಹಾ ತಂದಿಟ್ಟು ಕೇಳಿದಳು.

"ಅದ ತಿಳೀವಲ್ದು ನೋಡು."

ಹೇಮಾವತಿ ತನ್ನ ಕೋಡನ್ನೇ ಅನುಮಾನಿಸಿದಳು. ಬರೆದದ್ದನ್ನು ಅಳಿಸಿ ಮತ್ತೆ ಬರೆದಳು, ಜಾವಾ ತೆಗೆದು ಮತ್ತೆ ಹಾಕಿದಳು. ಮಧ್ಯಾಹ್ನಗಳು ಹೀಗೇ ಹೋದವು. ಕಣ್ಣು ಮುಚ್ಚಿದರೂ ಕೆಂಪು ಸಾಲುಗಳು ಬಿಸಿಲಲ್ಲಿ ಒಣಹಾಕಿದ ನೂಲಿನಂತೆ ತೂಗುತ್ತಿದ್ದವು. ಒಂದು ದಿನ ಅವಸರ ಬಿಟ್ಟು, ಕೆಳಗಿನಿಂದ ಮೇಲಕ್ಕೆ ಒಂದೊಂದೇ ಪದ ಓದುತ್ತ ಬಂದಳು. ಕೆಡುತ್ತಿದ್ದುದು ಕೋಡಲ್ಲ, ಮೇವನ್ ಗಂಟು ಕಟ್ಟಲು ಬಳಸುವ ವಾರ್ ಪ್ಲಗಿನ್ ಎಂಬ ಭಾಗ. ಅದರ ಹೆಸರಿನ ತುದಿಯಲ್ಲಿ ತೀರ ಹಳೆಯ ಆವೃತ್ತಿಯ ಸಂಖ್ಯೆಯಿತ್ತು. ಯಾವ ಆವೃತ್ತಿ ಬೇಕೆಂದು ಅವಳು ಎಲ್ಲಿಯೂ ಬರೆದಿರಲಿಲ್ಲ. ಮೇವನ್ ತನಗೆ ಗೊತ್ತಿದ್ದ ಹಳೆಯದನ್ನೇ ಹಿಡಿದಿತ್ತು. ಅದಕ್ಕೆ ಈ ಹೊಸ ಜಾವಾದ ಒಳಗೆ ಕೈ ಹಾಕಲು ಬರುತ್ತಿರಲಿಲ್ಲ.

ಮೇವನ್ ಓದುವ ಪಾಮ್ ಎಂಬ ಫೈಲಿನಲ್ಲಿ ಹೊಸ ಆವೃತ್ತಿಯ ಸಂಖ್ಯೆ ಬರೆದಳು. ಪ್ಲಗಿನ್ ಇಳಿಯತೊಡಗಿತು. ಅಷ್ಟರಲ್ಲಿ ನೆಟ್ ಹೋಯಿತು. ನೆಟ್ ಬಂದ ಮೇಲೂ ಕೆಂಪೇ.

ಕಾಸೀಮಬೀ ಬಗ್ಗಿ ಓದಿದಳು. "ಇದು ಬ್ಯಾರೇನ ಹೇಳಾಕತ್ತೇತಿ ಅಕ್ಕಾ. ಒಮ್ಮಿ ಸಿಗಲಿಲ್ಲಂತ ನೆನಪಿಟ್ಟೈತಿ, ಸದ್ಯಕ್ಕ ಮತ್ತ ಹುಡುಕೂದಿಲ್ಲಂತ."

"ಹುಡುಕೂದಿಲ್ಲಂದ್ರ? ನಾವ ಹುಡುಕಂತ ಹೇಳೂಣು."

ಮತ್ತೆ ಹುಡುಕು ಎಂದು ಹೇಳಲು ಹೇಮಾವತಿ ಆದೇಶದ ಕೊನೆಗೆ ಹೈಫನ್ ಹಾಕಿ ಇಂಗ್ಲಿಷಿನ ದೊಡ್ಡ ಯು ಅಕ್ಷರ ಸೇರಿಸಿದಳು. ಸಾಲುಗಳು ನಿಧಾನವಾಗಿ ಏರತೊಡಗಿದವು. ಮಗ್ಗದ ಸದ್ದಿಗೆ ಹೇಮಾವತಿಯ ರೆಪ್ಪೆ ಭಾರವಾಯಿತು. ಎಲ್ಲೋ ಹಿಟ್ಟು ಉದುರಿದಂತೆ, ಯಾರೋ ಗೂಟ ತಿರುಗಿಸಿದಂತೆ ಆಯಿತು. ಕಾಸೀಮಬೀ ಹೆಗಲು ಅಲುಗಿಸಿದಾಗ ಪರದೆಯ ಮೇಲೆ ಹಸಿರು ಅಕ್ಷರಗಳಲ್ಲಿ ಬಿಲ್ಡ್ ಸಕ್ಸೆಸ್ ಎಂದಿತ್ತು. ಕಟ್ಟಿದ ಗಂಟನ್ನು ಸರ್ವರಿಗೆ ಏರಿಸಿದರು. ಕಾಸೀಮಬೀಯ ಮೊಬೈಲಿನಲ್ಲಿ ತಾಣ ತೆರೆಯಿತು. ಇಬ್ಬರೂ ಒಬ್ಬರ ಕೈ ಒಬ್ಬರು ಹಿಡಿದುಕೊಂಡರು.

ಅಂದು ಸಂಜೆ ತಳಕಲ್ಲಿನ ಅಂಗಳದಲ್ಲಿ ಹೇಮಾವತಿ ಅವ್ವನ ಮುಂದೆ ಕೂತು ಮೊಬೈಲಿನಲ್ಲಿ ಪಕ್ಕೀರವ್ವನ ಪದ ಹಚ್ಚಿದಳು. ಒಂದು ಸಾಲು ಬಂತು, ನಿಂತಿತು. ನೆಟ್ ಸಿಗುತ್ತಿಲ್ಲವೆಂದು ಹೇಮಾವತಿ ಮೊಬೈಲ್ ಎತ್ತಿ ಹಿಡಿದಳು. ಆಗ ಹುಲಿಗವ್ವನ ತುಟಿ ಅಲುಗಿತು. ತೊದಲುತ್ತ, ರಾಗವಿಲ್ಲದೆ, ಮುಂದಿನ ಸಾಲು ಹೊರಬಂತು. ಅದು ಮುಗಿಯುವುದಕ್ಕೂ ಮೊಬೈಲಿನಿಂದ ಪಕ್ಕೀರವ್ವ ಮೂರನೆಯ ಸಾಲು ಎತ್ತುವುದಕ್ಕೂ ಸರಿಹೋಯಿತು. ಪಕ್ಕೀರವ್ವ ಗೆಳತಿಯ ಪಾಲಿನ ಸಾಲುಗಳಿಗೆ ಜಾಗ ಬಿಟ್ಟೇ ಹಾಡಿದ್ದಳು.

"ಪಕ್ಕೀರಿ... ಎಲ್ಲದಾಳ?" ಎಂದು ಹುಲಿಗವ್ವ ಮಗಳ ಸೆರಗು ಜಗ್ಗಿದಳು.

ಹೇಮಾವತಿ ಪಕ್ಕೀರವ್ವನಿಗೆ ಫೋನ್ ಮಾಡಿ ಅವ್ವ ಹಾಡಿದ್ದನ್ನು ಹೇಳಿದಳು. ಆ ಕಡೆಯಿಂದ, "ಅಕಿ ಹಾಡಿದ್ಲಾ? ಖರೇನಾ? ತಡೀ ಯವ್ವಾ, ನಾನ ಬರ್ತೀನಿ!" ಎಂಬ ಕೂಗು ಕೇಳಿತು.

ಯುಗಾದಿ ಮುಗಿಸಿ ಪಕ್ಕೀರವ್ವ ಬಂದಳು, ಬಹಳ ದಿನ ಉಳಿದಳು. ಹುಲಿಗವ್ವನ ನಾಲಿಗೆ ಪೂರ್ತಿ ಸರಿಹೋಗಲಿಲ್ಲ. ಆದರೂ ಇಬ್ಬರೂ ಕೂಡಿ ಹಾಡಿದ್ದನ್ನು ಹೇಮಾವತಿ ತೊದಲು, ಕೆಮ್ಮು, ಕೋಳಿಯ ಕೂಗಿನ ಸಮೇತ ತಾಣಕ್ಕೆ ಏರಿಸಿದಳು. ಗಂಗಾವತಿಯಿಂದ ಶೇಖರಮ್ಮ ಎಂಬ ಹೆಂಗಸು ಫೋನ್ ಮಾಡಿ, ಆ ಹಾಡಿನಲ್ಲಿ ಒಂದು ಮಾತು ತಪ್ಪಿದೆ, ತಮ್ಮ ಕಡೆ ಬೇರೆ ಹೇಳುತ್ತಾರೆ ಎಂದಳು.

ಶೇಖರಮ್ಮನ ಮಾತು ಕೇಳಿ ಹುಲಿಗವ್ವ ಕೆರಳಿದಳು. "ಅಕಿದ... ತಪ್ಪು," ಎಂದು ಬಿಡಿಸಿ ಬಿಡಿಸಿ ಹೇಳಿದಳು.