ಹೆಸರು ಕೂಗುವ ಅಬೂ ಗಿಯಾಸ್
ನನ್ನ ಅಕ್ಷರ ಚೆನ್ನಾಗಿಲ್ಲ, ಮಾತೂ ಸಾಲದು, ಕ್ಷಮಿಸಿ. ತುರ್ಕಿ ಗಡಿ ದಾಟಿ ಹಿಟ್ಟಿನ ಲಾರಿ ಬಂದ ದಿನ ಸಿರಿಯಾದ ನಮ್ಮ ಇದ್ಲಿಬ್ ನಿರಾಶ್ರಿತರ ಶಿಬಿರದಲ್ಲಿ ಹೆಸರು ಕೂಗುವವರು ಅಬೂ ಗಿಯಾಸ್. ಪಟ್ಟಿಯಲ್ಲಿರುವ ಹೆಸರು ಕೂಗಿದರೆ ಯಾವ ತಾಯಿಯೂ ಏಳುವುದಿಲ್ಲ. ಅವರಿಗೆಲ್ಲ ಹಿರಿಮಗನ ಹೆಸರೇ ಹೆಸರು, ಅದರ ಮುಂದೆ 'ಉಮ್ಮು', ಅಂದರೆ ತಾಯಿ. ಹಾಗಾಗಿ ಅಬೂ ಗಿಯಾಸ್ ನಿಂತು ನಿಂತು ಸೋತ ದನಿಯಲ್ಲಿ, "ಉಮ್ಮು ಸಫ್ವಾನ್, ಬಾರಮ್ಮಾ, ಹಿಟ್ಟು ತಾನಾಗಿ ನಡ್ಕೊಂಡು ಬರಲ್ಲ!" ಎನ್ನುತ್ತಾರೆ. ನಾನೂರು ಡೇರೆಗಳ ಮಕ್ಕಳ ಹೆಸರು ಅವರಿಗೆ ಬಾಯಿಪಾಠ. "ಹೊಟ್ಟೇಲಿರೋದ್ರ ಹೆಸರೂ ಇವ್ರಿಗೇ ಗೊತ್ತು ಕಣೇ" ಎಂದು ಹೆಂಗಸರು ನಗುತ್ತಾರೆ. ಕಳೆದ ಸಲ, ಬಾಂಬಿಗೆ ಸತ್ತ ಕುತೈಬಾನ ಹೆಸರನ್ನು ಕಚೇರಿಯವರು ಪಟ್ಟಿಯಿಂದ ಹೊಡೆದುಹಾಕಿಸಿದ್ದರು. ಅವನ ತಾಯಿಯನ್ನು ಇನ್ನು ಏನೆಂದು ಕರೆಯುತ್ತಾರೋ ಎಂದು ಸಾಲೆಲ್ಲ ಕತ್ತೆತ್ತಿ ನೋಡಿತು. "ಉಮ್ಮು ಕುತೈಬಾ!" ಎಂದು ಅವರು ಎಲ್ಲರ ಹೆಸರಿಗಿಂತ ಗಟ್ಟಿಯಾಗಿ ಕೂಗಿದರು. ಆಕೆ ಎದ್ದು ಬಂದಳು. ಅಷ್ಟು ಗಟ್ಟಿಯಾಗಿ ಕೂಗಿದ್ದಕ್ಕೆ ಅಂದಿನಿಂದ ಅಬೂ ಗಿಯಾಸ್ ಅವರಿಗೆ ದನಿಯೇ ಹೊರಡುತ್ತಿಲ್ಲ. ನಾಳೆ ಲಾರಿ ಬಂದರೆ ಹೆಸರುಗಳನ್ನು ಅವರ ಬದಲು ನಾನು ಕೂಗುತ್ತೇನೆ.